ಐವತ್ತು ದಾಟಿದ ಕಣ್ಣಿಗೆ ದಿನನಿತ್ಯದ ಐಶ್ಯಾಡೊ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ನಮ್ಮ ಪಾರ್ಲರಿಗೆ ಬರುವ ಅಕ್ಕಂದಿರು, ಮೌಶಿಯರು ಹುಬ್ಬು ಮಾಡಿಸಿಕೊಳ್ಳುತ್ತಾ ಕೇಳುವ ಪ್ರಶ್ನೆಗಳಿವು. ಮದುವೆ ಮೇಕಪ್ಪಿನ ಮಾತು ಇಲ್ಲಿಲ್ಲ. ಬೆಳಿಗ್ಗೆ ಶಾಲೆಗೆ, ಬ್ಯಾಂಕಿಗೆ, ಮಠಕ್ಕೆ, ಸಂತೆಗೆ ಹೊರಡುವಾಗ ಹಚ್ಚಿಕೊಳ್ಳುವ ಐಶ್ಯಾಡೊ, ಅಂದರೆ ಕಣ್ಣಿನ ರೆಪ್ಪೆಗೆ ಹಚ್ಚುವ ಬಣ್ಣದ ಬಗ್ಗೆ ಮಾತ್ರ.

ಈ ವಯಸ್ಸಿನಲ್ಲಿ ಕಣ್ಣಿಗೆ ಬಣ್ಣ ಹಚ್ಚಿಕೊಂಡರೆ ಜನ ನಗುವುದಿಲ್ಲವಾ?

ಸರಿಯಾಗಿ ಹಚ್ಚಿದರೆ ಹಚ್ಚಿದ್ದೀರಿ ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ. "ರಾತ್ರಿ ನಿದ್ದಿ ಚಲೋ ಆಗೇತೇನ್ರಿ?" ಅಂತ ಕೇಳುತ್ತಾರೆ, ಅಷ್ಟೇ. ಇನ್ನು ನಗಲೇಬೇಕು ಅನ್ನುವವರು ಹಚ್ಚದಿದ್ದರೂ ನಗುತ್ತಾರೆ, ಅವರ ಚಿಂತೆ ಬಿಡಿ.

ಇಪ್ಪತ್ತು ವರ್ಷದ ಹಿಂದೆ ಒಪ್ಪುತ್ತಿದ್ದ ಬಣ್ಣ ಈಗ ಯಾಕೆ ಒಪ್ಪುವುದಿಲ್ಲ?

ಬಣ್ಣ ಅದೇ ಇದೆ. ಅದು ಕೂರುವ ಜಾಗ ಬದಲಾಗಿದೆ. ಇಡೀ ಮೈಯಲ್ಲಿ ಕಣ್ಣಿನ ರೆಪ್ಪೆಯ ಚರ್ಮವೇ ಎಲ್ಲಕ್ಕಿಂತ ತೆಳು. ವಯಸ್ಸಾದಂತೆ ಚರ್ಮವನ್ನು ಬಿಗಿ ಇಡುವ ಕೊಲಾಜೆನ್, ಎಲಾಸ್ಟಿನ್ ಕಡಿಮೆಯಾಗುತ್ತವೆ. ರೆಪ್ಪೆ ಸಡಿಲಾಗಿ ಸಣ್ಣ ಸಣ್ಣ ನೆರಿಗೆ ಮೂಡುತ್ತವೆ. ಹುಬ್ಬು ತುಸು ಕೆಳಗಿಳಿಯುತ್ತದೆ. ಅದರ ಕೆಳಗಿನ ಚರ್ಮ ಮಡಚಿಕೊಂಡು ರೆಪ್ಪೆಯ ಮೇಲೆ ಬಂದು ಕೂರುತ್ತದೆ. ಕಣ್ಣು ಮುಚ್ಚಿದಾಗ ಅಗಲವಾಗಿ ಕಾಣುವ ರೆಪ್ಪೆ, ಕಣ್ಣು ಬಿಟ್ಟರೆ ಸಣ್ಣ ಪಟ್ಟಿಯಷ್ಟೇ ಉಳಿಯುತ್ತದೆ. ಕೆಲವರಿಗೆ ಅದೂ ಇಲ್ಲ. ಇದರ ಜೊತೆಗೆ ಹುಬ್ಬು, ರೆಪ್ಪೆಗೂದಲು ತೆಳುವಾಗುತ್ತವೆ. ಮುಟ್ಟು ನಿಂತ ಮೇಲೆ ಎಷ್ಟೋ ಜನಕ್ಕೆ ಕಣ್ಣು ಒಣಗುವುದೂ ಶುರುವಾಗುತ್ತದೆ.

ಅದಕ್ಕೇ ನಾನು ಹೇಳೋದು: ಯಾವ ಬಣ್ಣ ಅನ್ನೋದು ಎರಡನೇ ಮಾತು. ಎಲ್ಲಿ ಹಚ್ಚುತ್ತೀರಿ, ಎಷ್ಟು ಹಚ್ಚುತ್ತೀರಿ ಅನ್ನೋದು ಮೊದಲನೇದು.

ಆದರೂ ಒಂದೇ ಒಂದು ಬಣ್ಣ ತಗೊಳ್ಳೋದಾದರೆ ಯಾವುದು?

ನಿಮ್ಮ ಚರ್ಮಕ್ಕಿಂತ ಸ್ವಲ್ಪವೇ ಗಾಢವಾದ, ಹೊಳಪಿಲ್ಲದ ಕಂದು. ಗೋಧಿ ಮೈಬಣ್ಣದವರಿಗೆ ಚಹಾ ಬಣ್ಣದ ಕಂದು ಅಥವಾ ಸ್ವಲ್ಪ ಬೂದು ಬೆರೆತ ಕಂದು ಒಪ್ಪುತ್ತದೆ. ಕಪ್ಪು ಮೈಬಣ್ಣದವರಿಗೆ ಆ ತಿಳಿ ಕಂದು ಕಾಣುವುದೇ ಇಲ್ಲ. ಅವರು ಇಟ್ಟಂಗಿ ಬಣ್ಣ, ಕಾಫಿ ಕಂದು, ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪಿನ ಕಡೆ ವಾಲುವ ಕಂದು ನೋಡಬೇಕು. ಬರೀ ಕಂದು ಬೇಜಾರು ಅನ್ನುವವರಿಗೆ ಬದನೆ ಬಣ್ಣ ಬೆರೆತ ಕಂದು ಇದೆ. ಬೆಳ್ಳಗಾದ ಕೂದಲಿಗೆ ಬಣ್ಣ ಹಚ್ಚದೆ ಹಾಗೇ ಬಿಟ್ಟವರಿಗೆ ಇದು ಬಹಳ ಚಂದ ಒಪ್ಪುತ್ತದೆ. ನನ್ನ ಮೆಚ್ಚಿನದೂ ಇದೇ.

ಬೇಡವಾದದ್ದು ಯಾವುದು ಅಂದರೆ, ಹಾಲುಬಿಳುಪಿನ ಗುಲಾಬಿ, ತಿಳಿ ನೀಲಿ, ಬೆಳ್ಳಿ. ಇಂಥ ತಿಳಿ ಬಣ್ಣಗಳಲ್ಲಿ ಬಿಳಿ ಪುಡಿ ಜಾಸ್ತಿ ಇರುತ್ತದೆ. ನಮ್ಮ ಮೈಬಣ್ಣದ ಮೇಲೆ ಅದು ಬೂದಿ ಬಳಿದ ಹಾಗೆ ಕೂರುತ್ತದೆ.

ಅಂಗಡಿಯಲ್ಲಿ ಮುಂಗೈಗೆ ಹಚ್ಚಿ ನೋಡಬೇಡಿ. ಮುಂಗೈ ಬಿಸಿಲಿಗೆ ಕಪ್ಪಾಗಿರುತ್ತದೆ. ಮಣಿಕಟ್ಟಿನ ಒಳಬದಿಗೆ ಹಚ್ಚಿ, ಅಂಗಡಿ ಬಾಗಿಲ ತನಕ ಬಂದು ಹಗಲು ಬೆಳಕಿನಲ್ಲಿ ನೋಡಿ. ಒಳಗಿನ ದೀಪದಲ್ಲಿ ಎಲ್ಲ ಬಣ್ಣವೂ ಚಂದವೇ. ಅಲ್ಲಿ ಇಟ್ಟಿರುವ ಟೆಸ್ಟರನ್ನು ಕಣ್ಣಿಗೆ ಮಾತ್ರ ಮುಟ್ಟಿಸಬೇಡಿ. ಎಷ್ಟು ಜನರ ಬೆರಳು ಅದರಲ್ಲಿ ಆಡಿದೆಯೋ.

ಮಿನುಗುವುದು ಪೂರ್ತಿ ಬಿಡಬೇಕಾ?

ಬಿಡಬೇಕಿಲ್ಲ. ಮಿನುಗು ಬರುವುದು ಅಭ್ರಕದ ಸಣ್ಣ ಚೂರುಗಳಿಂದ. ಅವು ಬೆಳಕನ್ನು ಎಸೆಯುತ್ತವೆ. ನೆರಿಗೆಯ ಮೇಲೆ ಕೂತರೆ ನೆರಿಗೆಯ ಏರು ಹೊಳೆಯುತ್ತದೆ, ತಗ್ಗು ಕಪ್ಪಾಗಿ ಕಾಣುತ್ತದೆ. ಇಲ್ಲದ ಸುಕ್ಕೂ ಇದ್ದ ಹಾಗೆ ಕಾಣುತ್ತದೆ. ಹಾಗಂತ ಪೂರ್ತಿ ಮ್ಯಾಟ್, ಅಂದರೆ ಹೊಳಪೇ ಇಲ್ಲದ ಬಣ್ಣವನ್ನು ದಪ್ಪಗೆ ಹಚ್ಚಿದರೆ ಕಣ್ಣು ಒಣಗಿದಂತೆ ಕಾಣುತ್ತದೆ. ರೆಪ್ಪೆ ಮಡಚುವ ಮಡಿಕೆಗೆ ಮ್ಯಾಟ್, ರೆಪ್ಪೆಯ ನಟ್ಟನಡುವೆ ಬೆರಳ ತುದಿಯಷ್ಟು ಸ್ಯಾಟಿನ್. ಸ್ಯಾಟಿನ್ ಅಂದರೆ ಸಣ್ಣ ಹೊಳಪು, ಚೂರು ಕಾಣಬಾರದು.

ಗ್ಲಿಟರ್ ಮಾತ್ರ ಬೇಡ. ಅದರ ಚೂರು ಕಣ್ಣಿನೊಳಗೆ ಬಿದ್ದರೆ ಕಣ್ಣುಗುಡ್ಡೆ ಗೀರುತ್ತದೆ.

ನನ್ನ ರೆಪ್ಪೆಯೇ ಕಾಣುವುದಿಲ್ಲ. ಹಚ್ಚಿದ್ದೆಲ್ಲ ಮಡಿಕೆಯೊಳಗೆ ಮಾಯ. ಏನು ಮಾಡಲಿ?

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವ ಪ್ರಶ್ನೆ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕನ್ನಡಿಯನ್ನು ಕಣ್ಣಿನ ಮಟ್ಟಕ್ಕೆ ಇಡಿ. ನೇರ ನೋಡಿ. ನಾವೆಲ್ಲ ಕನ್ನಡಿ ಮುಂದೆ ನಿಂತ ಕೂಡಲೇ ಗೊತ್ತಿಲ್ಲದೇ ಹುಬ್ಬು ಏರಿಸುತ್ತೇವೆ, ಗದ್ದ ಎತ್ತುತ್ತೇವೆ. ಆಗ ರೆಪ್ಪೆ ಪೂರ್ತಿ ಕಾಣುತ್ತದೆ. ಅದಕ್ಕೆ ಸರಿಯಾಗಿ ಬಣ್ಣ ಹಚ್ಚಿ, ಹುಬ್ಬು ಇಳಿಸಿದ ಕೂಡಲೇ ಎಲ್ಲ ಒಳಗೆ ಹೋಗುತ್ತದೆ. ಮುಖ ಸಡಿಲ ಬಿಡಿ. ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಮುಖ ಹೇಗಿರುತ್ತದೋ ಹಾಗೆ.

ಈಗ ಕಣ್ಣು ತೆರೆದಿರುವಾಗಲೇ ಹುಬ್ಬಿನ ಕೆಳಗೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಕಣ್ಣಿನ ಗುಳಿಯ ಮೇಲಂಚಿನ ಎಲುಬು ಸಿಗುತ್ತದೆ. ಚರ್ಮ ಮಡಚುವ ಗೆರೆಗೂ ಈ ಎಲುಬಿಗೂ ನಡುವೆ ಒಂದು ಪಟ್ಟಿ ಇದೆಯಲ್ಲ, ಕಂದು ಬಣ್ಣ ಬೀಳಬೇಕಾದ್ದು ಅಲ್ಲಿ. ಮಡಿಕೆಯ ಒಳಗಲ್ಲ, ಮಡಿಕೆಗಿಂತ ಒಂದು ಕೂದಲೆಳೆ ಮೇಲೆ.

ಮೆತ್ತಗಿನ, ಉಬ್ಬಿದ ಬ್ರಶ್ ತಗೊಳ್ಳಿ. ಡಬ್ಬಿಯ ಜೊತೆಗೆ ಬರುವ ಸ್ಪಂಜಿನ ಕಡ್ಡಿ ಬೇಡ, ಅದು ಒಂದೇ ಕಡೆ ಬಣ್ಣ ಮೆತ್ತುತ್ತದೆ. ಬ್ರಶ್ಶಿನ ತುದಿ ಪುಡಿಗೆ ತಾಗಿಸಿ, ಡಬ್ಬಿಯ ಅಂಚಿಗೆ ಒಮ್ಮೆ ತಟ್ಟಿ, ಉಳಿದದ್ದು ಉದುರಲಿ. ಹಿಡಿಕೆಯನ್ನು ಹಿಂದಿನ ತುದಿಯಲ್ಲಿ ಹಿಡಿಯಿರಿ, ಆಗ ಕೈ ತಾನಾಗಿಯೇ ಹಗುರಾಗುತ್ತದೆ. ಕಣ್ಣಿನ ಹೊರತುದಿಯಿಂದ ಶುರು ಮಾಡಿ. ಒಳಗಡೆಗೆ ಮುಕ್ಕಾಲು ದಾರಿ ಹೋಗಿ, ಮತ್ತೆ ಹೊರಗೆ ಬನ್ನಿ. ಮೂಗಿನ ಪಕ್ಕದ ಮೂಲೆಗೆ ಕಂದು ಬೇಡ. ಅಲ್ಲಿ ಕಪ್ಪಾದರೆ ಕಣ್ಣು ಒಳಗೆ ಹೋದಂತೆ ಕಾಣುತ್ತದೆ. ಮೂರ್ನಾಲ್ಕು ಸಲ ಸವರಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಸಾಲದಿದ್ದರೆ ಇನ್ನೊಮ್ಮೆ ಹಚ್ಚಬಹುದು. ಜಾಸ್ತಿಯಾದರೆ ತೆಗೆಯೋದು ಕಷ್ಟ.

ಎಲ್ಲಿ ನಿಲ್ಲಿಸಬೇಕು? ಕೆಳಗಿನ ರೆಪ್ಪೆಯ ಗೆರೆ ಹಾಗೇ ಮುಂದುವರಿದು ಹುಬ್ಬಿನ ಬಾಲದ ಕಡೆ ಹೋಯಿತು ಅಂದುಕೊಳ್ಳಿ. ಬಣ್ಣ ಆ ಗೆರೆ ದಾಟಿ ಕೆಳಗೆ ಇಳಿಯಬಾರದು. ಇಳಿದರೆ ಕಣ್ಣೇ ಜೋತುಬಿದ್ದಂತೆ ಕಾಣುತ್ತದೆ. ಕೊನೆಯ ಸವರಿಕೆ ಮೇಲ್ಮುಖವಾಗಿ ಇರಲಿ.

ಹಚ್ಚುವಾಗ ಚರ್ಮವನ್ನು ಕಿವಿಯ ಕಡೆ ಎಳೆದು ಹಿಡಿಯುವ ರೂಢಿ ಬಹಳ ಜನಕ್ಕಿದೆ. ಎಳೆದು ಹಚ್ಚಿದ ಬಣ್ಣ, ಕೈ ಬಿಟ್ಟ ಮೇಲೆ ಬೇರೆ ಕಡೆ ಹೋಗಿ ನಿಲ್ಲುತ್ತದೆ. ಬೇಕಾದರೆ ಹುಬ್ಬನ್ನು ಒಂದು ಬೆರಳಿನಿಂದ ಮೇಲಕ್ಕೆ ಮೆಲ್ಲಗೆ ಹಿಡಿಯಿರಿ, ಅಷ್ಟು ಸಾಕು.

ಇಷ್ಟೆಲ್ಲ ಮಾಡಲು ಹೊತ್ತಿಲ್ಲ. ಡಬ್ಬಿ ಕಟ್ಟಬೇಕು, ಬಸ್ಸು ಹಿಡಿಯಬೇಕು.

ಹಾಗಾದರೆ ಪುಡಿ ಬಿಡಿ, ಕ್ರೀಮ್ ಐಶ್ಯಾಡೊ ಕಡ್ಡಿ ತಗೊಳ್ಳಿ. ದಪ್ಪ ಪೆನ್ಸಿಲ್ ತರಹ ಇರುತ್ತದೆ. ರೆಪ್ಪೆಗೂದಲಿನ ಬುಡಕ್ಕೆ ಒಂದು ಗೀರು ಎಳೆದು, ಉಂಗುರದ ಬೆರಳಿನಿಂದ ಮೇಲಕ್ಕೆ ತಟ್ಟುತ್ತಾ ಹರಡಿ. ಉಂಗುರದ ಬೆರಳೇ ಯಾಕೆ ಅಂದರೆ, ಅದು ಜೋರಾಗಿ ಒತ್ತುವುದಿಲ್ಲ. ಒಂದೊಂದೇ ಕಣ್ಣು ಮುಗಿಸಿ. ಅದು ಬೇಗ ಒಣಗಿ ಕೂರುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹರಡುವುದಿಲ್ಲ. ಕಣ್ಣು ಒಣಗುವವರಿಗೂ ಇದೇ ವಾಸಿ, ಪುಡಿ ಕಣ್ಣೊಳಗೆ ಉದುರುವ ಕಾಟ ಇಲ್ಲ.

ಏಪ್ರಿಲ್ ಬಂದರೆ ಮಧ್ಯಾಹ್ನದೊಳಗೆ ಎಲ್ಲ ಕರಗಿ ಗೆರೆಯಾಗುತ್ತದೆ.

ಹುಬ್ಬಳ್ಳಿಯ ಬೇಸಿಗೆಯಲ್ಲಿ ಯಾರ ರೆಪ್ಪೆಯೂ ಬೆವರದೇ ಇರುವುದಿಲ್ಲ. ಗೆರೆಯಾಗಲು ಮೂರು ಕಾರಣ: ಬೆವರು, ಎಣ್ಣೆ, ಜಾಸ್ತಿ ಬಣ್ಣ. ಬೆಳಿಗ್ಗೆ ಮುಖಕ್ಕೆ ಹಚ್ಚುವ ಕ್ರೀಮನ್ನು ರೆಪ್ಪೆಯ ಮೇಲೆ ತರಬೇಡಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಹಣೆಯಿಂದ ಅದೂ ಇಳಿಯುತ್ತದೆ, ಒಮ್ಮೆ ಒರೆಸಿಕೊಳ್ಳಿ. ಆಮೇಲೆ ಬಣ್ಣ ಹಿಡಿದು ನಿಲ್ಲಲಿ ಅಂತ ಮೊದಲು ಹಚ್ಚುವ ಐ ಪ್ರೈಮರ್, ಅಕ್ಕಿ ಕಾಳಿನಷ್ಟು, ಎರಡೂ ಕಣ್ಣಿಗೆ ಸೇರಿ. ಒಂದು ನಿಮಿಷ ಬಿಟ್ಟು ಬಣ್ಣ ಹಚ್ಚಿ. ಪ್ರೈಮರ್ ಇಲ್ಲದಿದ್ದರೆ ಕಲೆ ಮುಚ್ಚುವ ಕನ್ಸೀಲರನ್ನೇ ಬಹಳ ತೆಳ್ಳಗೆ ಸವರಿ, ಮೇಲೆ ಚೂರು ಫೇಸ್ ಪೌಡರ್ ತಟ್ಟಿದರೂ ನಡೆಯುತ್ತದೆ.

ವಿಭೂತಿ ಹಚ್ಚುವವರು ಮೊದಲು ವಿಭೂತಿ ಹಚ್ಚಿಕೊಳ್ಳಿ. ಹಣೆಯಿಂದ ಉದುರಿದ ಪುಡಿ ರೆಪ್ಪೆಯ ಮೇಲೆ ಬಿದ್ದಿರುತ್ತದೆ, ಅದನ್ನು ಒಣ ಬ್ರಶ್ಶಿನಿಂದ ಕೊಡವಿ, ಆಮೇಲೆ ಐಶ್ಯಾಡೊ. ಹಿಂದುಮುಂದಾದರೆ ಕಂದು ಬಣ್ಣ ಬಿಳಿಚಿಕೊಳ್ಳುತ್ತದೆ.

ಕಾಡಿಗೆ ಬಿಡು ಅನ್ನುತ್ತಾಳೆ ಮಗಳು. ಕಾಡಿಗೆ ಇಲ್ಲದಿದ್ದರೆ ನನಗೆ ಮುಖವೇ ಬೋಳು ಅನಿಸುತ್ತದೆ.

ಬಿಡಬೇಡಿ. ಜಾಗ ಬದಲಿಸಿ. ಕೆಳಗಿನ ರೆಪ್ಪೆಯ ಒಳಗೆ ದಪ್ಪಗೆ ತುಂಬಿದರೆ ಕಣ್ಣು ಚಿಕ್ಕದಾಗಿ ಕಾಣುತ್ತದೆ. ಸಂಜೆಯೊಳಗೆ ಅದು ಕೆಳಗಿಳಿದು ಕಣ್ಣ ಕೆಳಗಿನ ಕಪ್ಪಿಗೆ ಇನ್ನಷ್ಟು ಕಪ್ಪು ಸೇರಿಸುತ್ತದೆ. ಮೇಲಿನ ರೆಪ್ಪೆಗೂದಲಿನ ಬುಡಕ್ಕೆ ಹಚ್ಚಿ, ಅದರ ಮೇಲೆ ಕಂದು ಐಶ್ಯಾಡೊವನ್ನು ಸಣ್ಣ ಬ್ರಶ್ಶಿನಿಂದ ಒತ್ತಿ. ಕಾಡಿಗೆ ಕೂರುತ್ತದೆ, ಗೆರೆಯೂ ಮೆತ್ತಗಾಗುತ್ತದೆ. ಕಪ್ಪಿನ ಬದಲು ಕಡು ಕಂದು ಪೆನ್ಸಿಲ್ ಆದರೆ ಇನ್ನೂ ಚಲೋ.

ಸುರ್ಮಾ ಹಚ್ಚುವ ರೂಢಿ ಇದ್ದವರು ಮಾತ್ರ ಜೋಪಾನ. ಹಳೆಯ ಪದ್ಧತಿಯ ಸುರ್ಮಾ ಕಲ್ಲಿನಲ್ಲಿ ಸೀಸ ಇರುತ್ತದೆ. ಅದು ಮೈಗೆ ಸೇರಬಾರದು. ಮೊಮ್ಮಕ್ಕಳ ಕಣ್ಣಿಗಂತೂ ಹಚ್ಚಲೇಬೇಡಿ.

ಚಸ್ಮಾ ಹಾಕುತ್ತೇನೆ. ಯಾರಿಗೆ ಕಾಣುತ್ತದೆ ಬಿಡಿ?

ಚಸ್ಮಾದ ನಂಬರಿನ ಮೇಲೆ ಹೋಗುತ್ತದೆ. ಪ್ಲಸ್ ನಂಬರ್ ಇದ್ದರೆ ಗಾಜು ಕಣ್ಣನ್ನು ದೊಡ್ಡದು ಮಾಡಿ ತೋರಿಸುತ್ತದೆ. ಜೊತೆಗೆ ನಿಮ್ಮ ತಪ್ಪನ್ನೂ ದೊಡ್ಡದು ಮಾಡುತ್ತದೆ. ಅವರು ಕಡಿಮೆ ಹಚ್ಚಬೇಕು, ಅಂಚುಗಳನ್ನು ಚೆನ್ನಾಗಿ ಬೆರೆಸಬೇಕು. ಮೈನಸ್ ನಂಬರಿನವರ ಕಣ್ಣು ಚಿಕ್ಕದಾಗಿ ಕಾಣುತ್ತದೆ. ಅವರಿಗೆ ರೆಪ್ಪೆಯ ನಡುವೆ ತಿಳಿ ಸ್ಯಾಟಿನ್, ರೆಪ್ಪೆಗೂದಲಿಗೆ ಮಸ್ಕರಾ. ದಪ್ಪ ಕಪ್ಪು ಫ್ರೇಮ್ ಇದ್ದರೆ ಕಣ್ಣಿನ ಸುತ್ತ ಮತ್ತೊಂದು ಕಪ್ಪು ಗೆರೆ ಬೇಡ.

ಚಸ್ಮಾ ತೆಗೆದರೆ ಏನೂ ಕಾಣುವುದಿಲ್ಲ, ಹಾಕಿಕೊಂಡರೆ ಹಚ್ಚಲು ಬರುವುದಿಲ್ಲ!

ಬಿಂಬ ದೊಡ್ಡದಾಗಿ ತೋರಿಸುವ ಕನ್ನಡಿ ತಗೊಂಡು ಕಿಟಕಿಯ ಎದುರು ಕೂತುಕೊಳ್ಳಿ. ಒಂದೊಂದೇ ಗಾಜು ಮಡಚುವ ಮೇಕಪ್ ಚಸ್ಮಾ ಕೂಡ ಆನ್‌ಲೈನಿನಲ್ಲಿ ಸಿಗುತ್ತದೆ. ಮುಗಿದ ಮೇಲೆ ಸಾದಾ ಕನ್ನಡಿಯಲ್ಲಿ ದೂರದಿಂದ ನೋಡಿ. ದೊಡ್ಡ ಕನ್ನಡಿಯಲ್ಲಿ ಕಂಡ ಪ್ರತಿ ಸುಕ್ಕಿಗೂ ಮರುಗಬೇಡಿ, ಎದುರಿನವರು ಅಷ್ಟು ಹತ್ತಿರ ಬಂದು ನೋಡುವುದಿಲ್ಲ.

ಕಣ್ಣಿನ ಪೊರೆ ತೆಗೆಸಿದ್ದೇನೆ. ಯಾವಾಗಿನಿಂದ ಹಚ್ಚಬಹುದು?

ಆಪರೇಷನ್ ಮಾಡಿದ ಡಾಕ್ಟರು ಹೂಂ ಅಂದ ಮೇಲೆ. ಸಾಮಾನ್ಯವಾಗಿ ಕೆಲವು ವಾರ ಬೇಡ ಅನ್ನುತ್ತಾರೆ. ಮತ್ತೆ ಶುರು ಮಾಡುವಾಗ ಹಳೆಯ ಮಸ್ಕರಾ, ಕಾಡಿಗೆ ಎಸೆದು ಹೊಸದು ತಗೊಳ್ಳಿ.

ಇದರಲ್ಲಿ ಇನ್ನೊಂದು ಮಜಾ ಇದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಬಣ್ಣಗಳು ಮಾಸಿದಂತೆ ಕಾಣುತ್ತವೆ. ಅದಕ್ಕೇ ಪೊರೆ ಇದ್ದವರು ಗೊತ್ತಿಲ್ಲದೇ ಬಣ್ಣ ಜಾಸ್ತಿ ಹಚ್ಚಿಬಿಡುತ್ತಾರೆ. ಪೊರೆ ತೆಗೆಸಿ ಬಂದವರು ಕನ್ನಡಿ ನೋಡಿ "ಅಯ್ಯ, ಇಷ್ಟ್ ಗಾಢ ಹಚ್ಚಾಕತ್ತಿದ್ನೇನು ನಾ?" ಅಂತ ಗಾಬರಿಯಾಗುತ್ತಾರೆ. ಪೊರೆ ಶುರುವಾಗಿದೆ ಅಂತ ಡಾಕ್ಟರು ಹೇಳಿದ್ದರೆ, ಬಣ್ಣ ಆರಿಸುವಾಗ ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ.

ರೆಪ್ಪೆಯೇ ಕಪ್ಪಾಗಿದೆ. ತಿಳಿ ಬಣ್ಣ ಹಚ್ಚಿ ಮುಚ್ಚಬಹುದಾ?

ಕಪ್ಪಿನ ಮೇಲೆ ತಿಳಿ ಬಣ್ಣ ಬಿದ್ದರೆ ಬೂದು ಆಗುತ್ತದೆ. ಮೊದಲು ಪೀಚ್ ಅಥವಾ ಕಿತ್ತಳೆ ಛಾಯೆಯ, ಕಪ್ಪು ತಗ್ಗಿಸುವ ಕರೆಕ್ಟರ್ ಕ್ರೀಮ್ ತೆಳ್ಳಗೆ ಸವರಿ, ಅದರ ಮೇಲೆ ಕಂದು. ಎಷ್ಟೋ ಸಲ ಆ ಕಪ್ಪನ್ನೇ ಐಶ್ಯಾಡೊ ಅಂತ ಬಿಟ್ಟು, ನಡುವೆ ಚೂರು ಸ್ಯಾಟಿನ್ ಇಟ್ಟರೆ ಅದೇ ಚಂದ.

ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಗೆ ಹನಿ ಹಾಕಿಕೊಳ್ಳುವವರು ಒಂದು ಮಾತು ತಿಳಿದಿರಿ. ಲಾಟಾನೊಪ್ರಾಸ್ಟ್, ಬಿಮಾಟೊಪ್ರಾಸ್ಟ್ ತರಹದ ಹನಿಗಳಿಂದ ರೆಪ್ಪೆಯ ಚರ್ಮ ಕಪ್ಪಾಗಬಹುದು, ರೆಪ್ಪೆಗೂದಲು ಉದ್ದ ಆಗಬಹುದು. ಕಪ್ಪಾಯಿತು ಅಂತ ಹನಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಇಳಕಲ್ ಸೀರೆಗೆ ಯಾವ ಬಣ್ಣ ಹೊಂದುತ್ತದೆ?

ಸೀರೆಯ ಬಣ್ಣವನ್ನು ಕಣ್ಣಿಗೆ ತರಬೇಡಿ. ಹಸಿರು ಸೀರೆಗೆ ಹಸಿರು ಕಣ್ಣು ನಾಟಕದ ಬಣ್ಣ ಆಗುತ್ತದೆ. ತೋಪ ತೆನಿ ಸೆರಗಿನ ಕೆಂಪು ಮೊದಲೇ ಜೋರು, ಖಣದ ಕುಪ್ಪಸ ಇನ್ನೂ ಜೋರು. ಅದರ ಮುಂದೆ ಕಣ್ಣು ಸುಮ್ನೆ ಇರಬೇಕು. ಇಟ್ಟಂಗಿ ಕಂದು ಸಾಕು. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಉಟ್ಟ ದಿನ ಬದನೆ ಬಣ್ಣದ ಕಂದು ಹಚ್ಚಿ ನೋಡಿ, ಆಮೇಲೆ ನನಗೆ ಹೇಳಿ.

ಮೇಕಪ್ಪಿನ ಕೆಂಪು ಬಣ್ಣ ಹುಳುವಿನಿಂದ ಮಾಡುತ್ತಾರಂತೆ, ಹೌದಾ?

ಕೆಲವು ಹೌದು. ಕಾರ್ಮೈನ್ ಅನ್ನುವ ಕೆಂಪನ್ನು ಕೊಚಿನೀಲ್ ಎಂಬ ಕೀಟದಿಂದ ತೆಗೆಯುತ್ತಾರೆ. ಗುಲಾಬಿ, ನೇರಳೆ, ಬದನೆ ಛಾಯೆಗಳಲ್ಲಿ ಅದು ಇರಬಹುದು. ಡಬ್ಬಿಯ ಮೇಲೆ ಸಿಐ 75470 ಅಂತ ಬರೆದಿದ್ದರೆ ಅದೇ. ಸಿಐ ಅಂದರೆ ಬಣ್ಣದ ಗುರುತಿನ ನಂಬರ್. ಶುದ್ಧ ಶಾಕಾಹಾರಿಗಳಿಗೆ ಇದು ಬೇಡ ಅನಿಸಿದರೆ ಆ ನಂಬರ್ ಇಲ್ಲದೆ ಸಿಐ 77491, 77492, 77499 ಇರುವ ಬಣ್ಣ ನೋಡಿ. ಇವು ಕಬ್ಬಿಣದ ಆಕ್ಸೈಡುಗಳು: ಕೆಂಪು, ಹಳದಿ, ಕಪ್ಪು. ಬಹುಪಾಲು ಮ್ಯಾಟ್ ಕಂದು ಬಣ್ಣಗಳು ಇವುಗಳಿಂದಲೇ ಆಗಿರುತ್ತವೆ.

ರೆಪ್ಪೆ ತುರಿಸಿ ಕೆಂಪಾಗುತ್ತಿದೆ. ಐಶ್ಯಾಡೊ ಆಗುತ್ತಿಲ್ಲವಾ?

ಇರಬಹುದು. ಆದರೆ ಅದನ್ನೊಂದನ್ನೇ ದೂರಬೇಡಿ. ಉಗುರುಬಣ್ಣ ಹಚ್ಚಿದ ಬೆರಳು ದಿನಕ್ಕೆ ಎಷ್ಟು ಸಲ ಕಣ್ಣಿಗೆ ಹೋಗುತ್ತದೆ ನೋಡಿ. ಉಗುರುಬಣ್ಣದ ಅಲರ್ಜಿ ಉಗುರಿನ ಹತ್ತಿರ ಬಾರದೆ ರೆಪ್ಪೆಯ ಮೇಲೆ ಕಾಣಿಸಿಕೊಳ್ಳುವುದುಂಟು. ಕೂದಲಿಗೆ ಹಚ್ಚುವ ಕಪ್ಪು ಬಣ್ಣದ್ದೂ ಹಾಗೇ. ಎಲ್ಲ ನಿಲ್ಲಿಸಿ, ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಅಂಗಡಿಯಿಂದ ತಂದ ಸ್ಟಿರಾಯ್ಡ್ ಮುಲಾಮನ್ನು ಕಣ್ಣ ಹತ್ತಿರ ಸ್ವಂತ ಬುದ್ಧಿಯಿಂದ ಹಚ್ಚಬೇಡಿ, ಕಣ್ಣಿಗೇ ಅಪಾಯ.

ಕಣ್ಣಿನ ಮೂಲೆಯಲ್ಲಿ ಹಳದಿ ದದ್ದು ಎದ್ದಿದೆ. ಬಣ್ಣದಲ್ಲಿ ಮುಚ್ಚುತ್ತದಾ?

ಮುಚ್ಚುವ ಮೊದಲು ರಕ್ತದಲ್ಲಿ ಕೊಲೆಸ್ಟ್ರಾಲ್ ಎಷ್ಟಿದೆ ಅಂತ ನೋಡಿಸಿ. ಹಾಗೆಯೇ ಒಂದು ಕಣ್ಣಿನ ರೆಪ್ಪೆ ಏಕಾಏಕಿ ಜೋತುಬಿದ್ದರೆ ಅದು ಮೇಕಪ್ಪಿನ ಕೆಲಸವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ.

ಎಲ್ಲಿ ತಗೊಳ್ಳಲಿ? ಎಷ್ಟು ಖರ್ಚು ಮಾಡಲಿ?

ಹುಬ್ಬಳ್ಳಿಯ ದುರ್ಗದ ಬೈಲು, ಕೊಪ್ಪಿಕರ್ ರಸ್ತೆ, ಧಾರವಾಡದ ಸುಭಾಸ್ ರಸ್ತೆ, ಎಲ್ಲ ಕಡೆ ಸಿಗುತ್ತದೆ. 40 ಬಣ್ಣದ ಪ್ಯಾಲೆಟ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಅದರಲ್ಲಿ ನಿಮಗೆ ಬೇಕಾದ್ದು ಎರಡೇ, ಉಳಿದದ್ದು ಮೊಮ್ಮಗಳ ಆಟಕ್ಕೆ. ಒಂದೇ ಬಣ್ಣದ ಡಬ್ಬಿ ತಗೊಳ್ಳಿ. ಉಳಿದ ದುಡ್ಡು ಒಂದು ಒಳ್ಳೆಯ ಬ್ರಶ್ಶಿಗೆ ಹಾಕಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಬಣ್ಣ ಅಗ್ಗದ್ದಾಗಲಿ, ಬ್ರಶ್ ಅಗ್ಗದ್ದು ಬೇಡ.

ಡಬ್ಬಿಯ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ಎಲ್ಲಿಯವರೆಗೆ ಬಳಸಬಹುದು ಅನ್ನುವ ತಾರೀಕು ಇರಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು, ನೋಂದಣಿ ನಂಬರ್ ಇರಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳು ಇದನ್ನು ಕೇಳುತ್ತವೆ. ದೊಡ್ಡ ಕಂಪನಿಯ ಹೆಸರಿದ್ದು ಇದ್ಯಾವುದೂ ಇಲ್ಲದಿದ್ದರೆ ನಕಲಿ ಅಂತ ತಿಳಿದು ಅಲ್ಲೇ ಬಿಟ್ಟು ಬನ್ನಿ.

ತಂದದ್ದು ಎಷ್ಟು ದಿನ ಬಾಳುತ್ತದೆ?

ಪುಡಿ ಎರಡು ವರ್ಷದ ತನಕ, ಕ್ರೀಮ್ ಸುಮಾರು ಒಂದು ವರ್ಷ, ಮಸ್ಕರಾ ಮೂರು ತಿಂಗಳು. ಡಬ್ಬಿಯ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಸಣ್ಣ ಚಿತ್ರ ಇರುತ್ತದೆ. ಅದರೊಳಗೆ 12 ಅಂತ ಇದ್ದರೆ ತೆರೆದ ಮೇಲೆ 12 ತಿಂಗಳು ಅಂತ ಅರ್ಥ. ಕಣ್ಣು ಬಂದಾಗ ಬಳಸಿದ್ದನ್ನು ತಾರೀಕು ನೋಡದೆ ಎಸೆಯಿರಿ.

ರಾತ್ರಿ ತೆಗೆಯದೆ ಮಲಗಿದರೆ ಏನಾಗುತ್ತದೆ?

ರೆಪ್ಪೆಗೂದಲಿನ ಬುಡದಲ್ಲಿ ಎಣ್ಣೆ ಬಿಡುವ ಸಣ್ಣ ಗ್ರಂಥಿಗಳ ಬಾಯಿ ಇರುತ್ತವೆ. ಬಣ್ಣ ಹಾಗೇ ಕೂತರೆ ಅವು ಮುಚ್ಚಿಕೊಳ್ಳುತ್ತವೆ. ಕಣ್ಣು ಒಣಗುತ್ತದೆ, ಬೆಳಿಗ್ಗೆ ಪಿಸುರು ಕಟ್ಟುತ್ತದೆ. ಹತ್ತಿಗೆ ಮೇಕಪ್ ರಿಮೂವರ್ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಹತ್ತು ಎಣಿಸುವ ತನಕ ಇಟ್ಟು, ಕೆಳಮುಖವಾಗಿ ಒಮ್ಮೆ ಸವರಿ. ತಿಕ್ಕಬೇಡಿ. ರಿಮೂವರ್ ಇಲ್ಲದಿದ್ದರೆ ಎರಡು ಹನಿ ಕೊಬ್ಬರಿ ಎಣ್ಣೆ ನಡೆಯುತ್ತದೆ, ಕಣ್ಣೊಳಗೆ ಹೋದರೆ ಸ್ವಲ್ಪ ಹೊತ್ತು ಮಂಜಾಗುತ್ತದೆ ಅಷ್ಟೇ. ಆಮೇಲೆ ಮುಖ ತೊಳೆದು, ಮೆತ್ತಗಿನ ಅರಿವೆಯಿಂದ ಒತ್ತಿ ಒರೆಸಿ. ಬ್ರಶ್ಶನ್ನು ವಾರಕ್ಕೊಮ್ಮೆ ಶ್ಯಾಂಪೂ ನೀರಲ್ಲಿ ತೊಳೆದು ಅಡ್ಡ ಮಲಗಿಸಿ ಒಣಗಿಸಿ. ನಿಲ್ಲಿಸಿಟ್ಟರೆ ನೀರು ಹಿಡಿಕೆಯೊಳಗೆ ಇಳಿದು ಕೂದಲು ಉದುರುತ್ತವೆ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಒಣಗಲು ಎರಡು ದಿನ ಹಿಡಿಯುತ್ತದೆ, ಹಸಿ ಬ್ರಶ್ಶನ್ನು ಡಬ್ಬಿಗೆ ಹಾಕಿ ಮುಚ್ಚಬೇಡಿ.